ಕಬಡ್ಡಿ ಗೇಮ್ ಯಾಕಿಲ್ಲ, ಕುಣಿಗಲ್ ಕುದುರೆ ಗೇಮ್ ಯಾಕಿಲ್ಲ? ಟಿವಿ ಗೇಮ್‌ನಿಂದ ಪಿಎಸ್ 5ವರೆಗೆ ನಮ್ಮ ಆಟಗಳಿಗೆ ಜಾಗ ಸಿಗದ ಕಥೆ

ತುಮಕೂರು: ಜಾತ್ರೆ, ಗಣೇಶೋತ್ಸವ, ರಾಜ್ಯೋತ್ಸವ ಬಂದರೆ ಮೈದಾನಕ್ಕೆ ಲೈಟ್ ಕಟ್ಟಿ ರಾತ್ರಿಯಿಡೀ ಕಬಡ್ಡಿ ಆಡಿಸುವುದು ನಮ್ಮ ಕಡೆ ಹೊಸದೇನಲ್ಲ. ಭಾನುವಾರ ಬಂತೆಂದರೆ ಖಾಲಿ ಸೈಟು, ಕೆರೆ ಅಂಗಳ ಎಲ್ಲ ಟೆನಿಸ್ ಬಾಲ್ ಕ್ರಿಕೆಟ್‌ಗೆ ಮೀಸಲು. ಆದರೆ ಅದೇ ಹುಡುಗರು ಟಿವಿ ಮುಂದೆ ಕಂಟ್ರೋಲರ್ ಹಿಡಿದು ಕೂತರೆ ಕೈಗೆ ಸಿಗುವುದು ಯುರೋಪಿನ ಫುಟ್‌ಬಾಲ್, ಅಮೆರಿಕದ ಬಾಸ್ಕೆಟ್‌ಬಾಲ್, ಡಬ್ಲ್ಯುಡಬ್ಲ್ಯುಇ ಕುಸ್ತಿ. ಪಿಎಸ್ 5 ತಂದುಕೊಂಡವರಾಗಲಿ, ಹಳೇ ಟಿವಿ ಗೇಮ್ ಇನ್ನೂ ಅಟ್ಟದಲ್ಲಿ ಇಟ್ಟುಕೊಂಡವರಾಗಲಿ, ಕೇಳುವ ಪ್ರಶ್ನೆ ಒಂದೇ: ನಮ್ಮ ಆಟದ ಗೇಮ್ ಯಾಕೆ ಬರಲ್ಲ?

ಮಾಡೋಕೆ ಆಗಲ್ಲ ಅಂತ ಏನಿಲ್ಲ. ಬಹುಪಾಲು ಆಗುತ್ತೆ. ಅಡ್ಡ ಬಂದಿರುವುದು ಲೆಕ್ಕ. ಗೇಮ್ ಕಂಪನಿಗಳು ಲೆಕ್ಕಕ್ಕೆ ಹಿಡಿಯುವುದು ಆಡುವವರನ್ನಲ್ಲ, ಕೊಳ್ಳುವವರನ್ನು. ಆ ಪಟ್ಟಿಯಲ್ಲಿ ತುಮಕೂರು, ಗುಬ್ಬಿ, ಕುಣಿಗಲ್‌ನಂಥ ಊರುಗಳು ಯಾವತ್ತೂ ಇರಲೇ ಇಲ್ಲ.

ಕ್ಯಾಸೆಟ್ ಕಾಲದಿಂದಲೇ ಶುರು

1990ರ ದಶಕದಲ್ಲಿ ನಮ್ಮ ಮನೆಗಳಿಗೆ ಬಂದ 'ಟಿವಿ ಗೇಮ್' ಅಸಲಿ ಮೆಷಿನ್ ಅಲ್ಲ. ಜಪಾನಿನ ನಿಂಟೆಂಡೊ ಕಂಪನಿ 1983ರಲ್ಲಿ ತಂದ ಫ್ಯಾಮಿಕಾಮ್ ಎಂಬ ಮೆಷಿನ್‌ನ ನಕಲು. ಹಳದಿ ಕ್ಯಾಸೆಟ್ ಹಾಕಿ, ಊದಿ, ಮತ್ತೆ ಹಾಕಿ ಮಾರಿಯೊ, ಕಾಂಟ್ರಾ ಆಡಿದವರಿಗೆ ಇದು ನಕಲು ಎಂದು ಗೊತ್ತಾಗಿದ್ದು ಎಷ್ಟೋ ವರ್ಷಗಳ ಮೇಲೆ. ಕ್ಯಾಸೆಟ್ ಮೇಲೆ 'ಲಕ್ಷಗಟ್ಟಲೆ ಗೇಮ್' ಅಂತ ಬರೆದಿರುತ್ತಿತ್ತು, ಒಳಗೆ ಇರುತ್ತಿದ್ದುದು ಹತ್ತಿಪ್ಪತ್ತು. ಉಳಿದಿದ್ದೆಲ್ಲ ಅವೇ ಆಟಗಳು, ಬೇರೆ ಹೆಸರಲ್ಲಿ.

ತಮಾಷೆ ಏನೆಂದರೆ ಅದೇ ಮೆಷಿನ್‌ಗೆ ಒಂದು ಕ್ರಿಕೆಟ್ ಆಟ ಇತ್ತು. 'ಇಂಟರ್‌ನ್ಯಾಷನಲ್ ಕ್ರಿಕೆಟ್' ಅಂತ, 1992ರಲ್ಲಿ ಬಂದಿತ್ತು. ಮಾಡಿದ್ದು ಆಸ್ಟ್ರೇಲಿಯಾದವರು, ಮಾರಿದ್ದೂ ಅಲ್ಲೇ. ಕ್ರಿಕೆಟ್‌ಗೆ ಪ್ರಾಣ ಬಿಡುವ ದೇಶದಲ್ಲಿ ಆ ಮೆಷಿನ್‌ನ ನಕಲು ಬೀದಿಬೀದಿಯಲ್ಲಿತ್ತು, ಆದರೆ ಆ ಆಟವನ್ನು ಇಲ್ಲಿ ಯಾರೂ ಮಾರಲಿಲ್ಲ. ನಕಲು ಮೆಷಿನ್ ತಗೊಂಡವರು ನಿಂಟೆಂಡೊ ಕಂಪನಿಯ ಗಿರಾಕಿಗಳಲ್ಲ. ಹಾಗಾಗಿ ಅವರಿಗೆ ಏನು ಬೇಕು ಅಂತ ಕೇಳುವ ಬಾಬತ್ತೇ ಬರಲಿಲ್ಲ.

19 ವರ್ಷವಾದರೂ ಸಾಯದ ಕ್ರಿಕೆಟ್ 07

ಮುಂದೆ ಸೈಬರ್ ಸೆಂಟರ್ ಕಾಲ. ಇಎ ಸ್ಪೋರ್ಟ್ಸ್ ಕಂಪನಿಯ 'ಕ್ರಿಕೆಟ್ 07' ಬಂದಿದ್ದು 2006ರ ನವೆಂಬರ್‌ನಲ್ಲಿ, ಕಂಪ್ಯೂಟರ್ ಮತ್ತು ಪಿಎಸ್ 2ಗೆ. ಕೋಡ್ ಬರೆದವರು ಕೆನಡಾದ ಎಚ್‌ಬಿ ಸ್ಟುಡಿಯೋಸ್. ಇಂಗ್ಲೆಂಡ್, ಆಸ್ಟ್ರೇಲಿಯಾ ಆಟಗಾರರ ಹೆಸರು ಸರಿಯಾಗಿತ್ತು. ಭಾರತ ತಂಡದ ಲೈಸೆನ್ಸ್ ಇರಲಿಲ್ಲ, ಹಾಗಾಗಿ ನಮ್ಮವರ ಹೆಸರುಗಳನ್ನು ತಿರುಚಿ ಹಾಕಿದ್ದರು. ಅದಾದ ಮೇಲೆ ಇಎ ಮತ್ತೆ ಕ್ರಿಕೆಟ್ ಗೇಮ್ ತರಲೇ ಇಲ್ಲ.

ಐಪಿಎಲ್ ಶುರುವಾಗಿದ್ದು 2008ರಲ್ಲಿ. ಅಂದರೆ ಈ ಆಟದೊಳಗೆ ಆರ್‌ಸಿಬಿ ಇರೋಕೆ ಸಾಧ್ಯವೇ ಇಲ್ಲ. ಆದರೂ ಇವತ್ತಿಗೂ ಹಳೇ ಕಂಪ್ಯೂಟರ್‌ನಲ್ಲಿ ಕ್ರಿಕೆಟ್ 07 ತೆರೆದರೆ ಆರ್‌ಸಿಬಿ ಜೆರ್ಸಿ, ಹೊಸ ಆಟಗಾರರ ಮುಖ, ಬ್ಯಾಟ್ ಮೇಲಿನ ಸ್ಟಿಕ್ಕರ್ ಎಲ್ಲ ಕಾಣುತ್ತವೆ. ಇದನ್ನು ಮಾಡಿದ್ದು ಕಂಪನಿಯಲ್ಲ, ಅಭಿಮಾನಿಗಳು. ಆಟದ ಫೋಲ್ಡರ್‌ನಲ್ಲಿ ಜೆರ್ಸಿ, ಮುಖ, ಮೈದಾನದ ಚಿತ್ರಗಳು ಬೇರೆ ಬೇರೆ ಫೈಲ್‌ಗಳಾಗಿರುತ್ತವೆ. ಆಟಗಾರರ ಪಟ್ಟಿಯೂ ಒಂದು ಫೈಲ್. ಹಳೆಯದನ್ನು ತೆಗೆದು ಹೊಸದು ಹಾಕುವುದಕ್ಕೇ ಪ್ಯಾಚ್ ಎನ್ನುವುದು. 2025ರ ಜೂನ್ 3ರಂದು ಅಹಮದಾಬಾದ್‌ನಲ್ಲಿ ಪಂಜಾಬ್ ಮೇಲೆ 6 ರನ್‌ನಿಂದ ಗೆದ್ದು ಆರ್‌ಸಿಬಿ ಮೊದಲ ಸಲ ಕಪ್ ಎತ್ತಿತಲ್ಲ, ಆ ಫೈನಲ್ಲನ್ನೂ 2006ರ ಈ ಆಟದಲ್ಲಿ ಮತ್ತೆ ಆಡಬಹುದು. ಪ್ಯಾಚ್ ಹಾಕಿಕೊಳ್ಳಬೇಕು, ಅಷ್ಟೇ.

ಹೊಸ ಮೆಷಿನ್‌ಗಳಿಗೆ ಕ್ರಿಕೆಟ್ ಇಲ್ಲವೆಂದಲ್ಲ. ಆಸ್ಟ್ರೇಲಿಯಾದ ಬಿಗ್ ಆ್ಯಂಟ್ ಸ್ಟುಡಿಯೋಸ್ 2023ರಲ್ಲಿ 'ಕ್ರಿಕೆಟ್ 24' ತಂದಿತು. ಮೊಬೈಲ್‌ಗೆ ಚೆನ್ನೈನ ನೆಕ್ಸ್ಟ್‌ವೇವ್ ಕಂಪನಿಯ 'ವರ್ಲ್ಡ್ ಕ್ರಿಕೆಟ್ ಚಾಂಪಿಯನ್‌ಶಿಪ್', ನಾಟಿಲಸ್ ಕಂಪನಿಯ 'ರಿಯಲ್ ಕ್ರಿಕೆಟ್' ಇವೆ. ಅಭಿಮಾನಿಗಳು ಕೇಳುತ್ತಿರುವುದು ಅದರ ಕೆಳಗಿನ ಹಂತವನ್ನು. ಕುಂಬ್ಳೆ, ಶ್ರೀನಾಥ್, ದ್ರಾವಿಡ್, ವೆಂಕಟೇಶ್ ಪ್ರಸಾದ್, ಸುನಿಲ್ ಜೋಶಿ ಇದ್ದ 90ರ ದಶಕದ ರಣಜಿ ತಂಡ ಹಳೇ ಮೆಷಿನ್‌ನಲ್ಲಿ ಬೇಕು. ಹೊಸ ಮೆಷಿನ್‌ನಲ್ಲಿ ಮಹಾರಾಜ ಟ್ರೋಫಿ ಬೇಕು. ಕೆಎಸ್‌ಸಿಎಗೆ ತುಮಕೂರು ವಲಯ ಅಂತ ಒಂದಿದೆ, ಆದರೆ ಮಹಾರಾಜ ಟ್ರೋಫಿಯಲ್ಲಿ ತುಮಕೂರಿನ ಹೆಸರಿನ ತಂಡವಿಲ್ಲ. ಮೈದಾನದಲ್ಲಿ ಸಿಗದ ತಂಡ ಗೇಮ್‌ನಲ್ಲಾದರೂ ಸಿಗಲಿ ಅನ್ನೋದು ಹುಡುಗರ ಆಸೆ. ಲೈಸೆನ್ಸ್ ವಿಚಾರ ಎಷ್ಟು ಬಿಗಿ ಎಂದರೆ, ಫಿಫಾ ಜತೆಗಿನ ಒಪ್ಪಂದ ಮುಗಿದ ಮೇಲೆ ಇಎ ಕಂಪನಿಯಂಥ ದೊಡ್ಡ ಕುಳವೇ ತನ್ನ ಫುಟ್‌ಬಾಲ್ ಗೇಮ್‌ನ ಹೆಸರು ಬದಲಿಸಬೇಕಾಯಿತು. 2023ರಿಂದ ಅದು 'ಇಎ ಸ್ಪೋರ್ಟ್ಸ್ ಎಫ್‌ಸಿ'.

ಕಬಡ್ಡಿ ಬಂದಿತ್ತು, ಗೊತ್ತಾಗಲಿಲ್ಲ

ಪಿಎಸ್ 2ರಲ್ಲಿ ಕಬಡ್ಡಿ ಇತ್ತು ಅಂದರೆ ಈಗ ಯಾರೂ ನಂಬಲ್ಲ. ಹೈದರಾಬಾದಿನ ಗೇಮ್‌ಶಾಸ್ತ್ರ ಕಂಪನಿ ಮಾಡಿ, ಸೋನಿ 2009ರಲ್ಲಿ ಬಿಡುಗಡೆ ಮಾಡಿದ 'ದೇಸಿ ಅಡ್ಡಾ: ಗೇಮ್ಸ್ ಆಫ್ ಇಂಡಿಯಾ'ದಲ್ಲಿ ಕಬಡ್ಡಿ, ಚಿನ್ನಿದಾಂಡು, ಗಾಳಿಪಟ ಮೂರೂ ಇದ್ದವು. ಮುಂದಿನ ವರ್ಷ 'ಸ್ಟ್ರೀಟ್ ಕ್ರಿಕೆಟ್ ಚಾಂಪಿಯನ್ಸ್' ಎಂಬ ಗಲ್ಲಿ ಕ್ರಿಕೆಟ್ ಗೇಮ್ ಕೂಡ ಬಂತು. ಪ್ರೊ ಕಬಡ್ಡಿ ಲೀಗ್ ಶುರುವಾಗಿದ್ದು 2014ರಲ್ಲಿ. ಗೇಮ್ ಐದು ವರ್ಷ ಮೊದಲೇ ಬಂದು ಹೋಗಿತ್ತು. ಬೆಂಗಳೂರು ಬುಲ್ಸ್ 2019ರ ಜನವರಿಯ ಫೈನಲ್‌ನಲ್ಲಿ ಗುಜರಾತ್ ವಿರುದ್ಧ 38-33ರಲ್ಲಿ ಗೆದ್ದಾಗ, ಪವನ್ ಸೆಹ್ರಾವತ್ ಒಬ್ಬರೇ 22 ಪಾಯಿಂಟ್ ತಂದಾಗ ಇಂಥದ್ದೊಂದು ಗೇಮ್ ಅಂಗಡಿಯಲ್ಲಿ ಇದ್ದಿದ್ದರೆ ಕಥೆ ಬೇರೆಯಾಗುತ್ತಿತ್ತೇನೋ.

ಕಬಡ್ಡಿಯನ್ನು ಗೇಮ್ ಮಾಡುವುದು ನಿಜಕ್ಕೂ ಕಷ್ಟ. ಕ್ರಿಕೆಟ್‌ನಲ್ಲಿ ಒಬ್ಬ ಇನ್ನೊಬ್ಬನನ್ನು ಮುಟ್ಟುವುದೇ ಇಲ್ಲ. ಕುಸ್ತಿ ಗೇಮ್‌ನಲ್ಲಿ ಇಬ್ಬರು ಹಿಡಿದುಕೊಳ್ಳುತ್ತಾರೆ, ಆ ಪಟ್ಟುಗಳ ಚಲನೆಯನ್ನು ಮೊದಲೇ ಜೋಡಿಯಾಗಿ ರೆಕಾರ್ಡ್ ಮಾಡಿಟ್ಟಿರುತ್ತಾರೆ. ಕಬಡ್ಡಿಯಲ್ಲಿ ಒಬ್ಬ ರೈಡರ್ ಮೇಲೆ ಒಂದೇ ಗಳಿಗೆಯಲ್ಲಿ ಏಳು ಜನ ಬೀಳಬಹುದು. ಒಬ್ಬ ಹಿಮ್ಮಡಿ ಹಿಡಿದಿದ್ದಾನೆ, ಇನ್ನೊಬ್ಬ ಸೊಂಟ, ಮೂರನೆಯವನು ಡ್ಯಾಶ್ ಹೊಡೆಯುತ್ತಿದ್ದಾನೆ, ರೈಡರ್ ಬೆರಳ ತುದಿಯಲ್ಲಿ ಮಧ್ಯದ ಗೆರೆ ಮುಟ್ಟಲು ಎಳೆದಾಡುತ್ತಿದ್ದಾನೆ. ಯಾರ ಬಲ ಎಷ್ಟು, ಯಾವ ಕಡೆ ಎಂದು ಕಂಪ್ಯೂಟರ್ ಪ್ರತಿ ಕ್ಷಣ ಲೆಕ್ಕ ಹಾಕಬೇಕು. ಇದಕ್ಕೆ ದುಡ್ಡು ಸುರಿಯಬೇಕು.

ಹಾಗಂತ ಹಳೇ ಮೆಷಿನ್‌ಗೆ ಸರಳವಾಗಿ ಮಾಡಬಾರದು ಅಂತಿಲ್ಲ. ಈಗ ಒಂದು ರೈಡ್‌ಗೆ 30 ಸೆಕೆಂಡ್ ಗಡಿಯಾರ. ನಮ್ಮೂರ ಹಳೇ ಪದ್ಧತಿಯಲ್ಲಿ ಉಸಿರು ಇರುವ ತನಕ ಮಾತ್ರ ರೈಡ್. ಒಂದು ಬಟನ್ ಒತ್ತಿ ಹಿಡಿದಷ್ಟು ಹೊತ್ತು ಉಸಿರು, ಬಿಟ್ಟರೆ ಔಟ್ ಅಂದರೆ ಸಾಕು, ಅದೇ ಒಂದು ಒಳ್ಳೇ ಗೇಮ್. ಇನ್ನೊಂದು ಸ್ವಾರಸ್ಯ: ಜಪಾನಿನ ಅಸಲಿ ಫ್ಯಾಮಿಕಾಮ್‌ನ ಎರಡನೇ ಕಂಟ್ರೋಲರ್‌ನಲ್ಲಿ ಮೈಕ್ ಇತ್ತು. 'ಕಬಡ್ಡಿ ಕಬಡ್ಡಿ' ಅಂತ ಕೂಗಿ ಆಡಲು ಹೇಳಿ ಮಾಡಿಸಿದಂಥ ಮೆಷಿನ್!

ಖೋ ಖೋಗೆ ಹಳೇ ಮೆಷಿನ್ನೇ ವಾಸಿ

2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೆಯಿತು. ಭಾರತದ ಪುರುಷರು, ಮಹಿಳೆಯರು ಇಬ್ಬರೂ ನೇಪಾಳವನ್ನು ಸೋಲಿಸಿ ಗೆದ್ದರು. ಮಹಿಳಾ ತಂಡದಲ್ಲಿ ಮೈಸೂರು ಜಿಲ್ಲೆ ಕುರುಬೂರಿನ ಬಿ. ಚೈತ್ರಾ ಇದ್ದರು. ಖೋ ಖೋ ಮೇಲೆ ಪಿಎಸ್ 5ಗೆ ಗೇಮ್ ಬರುವುದು ದೂರದ ಮಾತು. ಆದರೆ ಹಳೇ ಮೆಷಿನ್‌ಗೆ ಕ್ರಿಕೆಟ್‌ಗಿಂತ ಖೋ ಖೋ ಚೆನ್ನಾಗಿ ಕೂರುತ್ತದೆ. ಅಟ್ಟಿಸಿಕೊಂಡು ಹೋಗುವವನು ಹಿಂದಕ್ಕೆ ತಿರುಗುವಂತಿಲ್ಲ, ಮಧ್ಯದ ಗೆರೆ ದಾಟುವಂತಿಲ್ಲ, ಆಚೆ ಹೋಗಬೇಕೆಂದರೆ ಕಂಬ ಸುತ್ತಬೇಕು. ನಾಲ್ಕು ಬಾಣದ ಬಟನ್, ಖೋ ಕೊಡಲು ಒಂದು ಬಟನ್. ಮುಗೀತು.

ಒಂದೇ ತೊಡಕು. ಆ ಮೆಷಿನ್‌ಗೆ ಅಡ್ಡ ಗೆರೆಯೊಂದರಲ್ಲಿ ಚಲಿಸುವ ಚಿತ್ರದ ತುಂಡು ಎಂಟಕ್ಕಿಂತ ಹೆಚ್ಚು ತೋರಿಸಲು ಬರಲ್ಲ. ಒಬ್ಬ ಆಟಗಾರನ ಅಗಲಕ್ಕೆ ಎರಡು ತುಂಡು ಬೇಕು. ಸಾಲಾಗಿ ಕೂತ ಎಂಟು ಜನಕ್ಕೆ ಹದಿನಾರಾಯಿತು, ಅರ್ಧ ಜನ ಮಾಯ! ಇದಕ್ಕೆ ಹಳೇ ಕಾಲದ ಉಪಾಯವಿದೆ: ಕೂತವರನ್ನು ಮೈದಾನದ ಜತೆ ಹಿನ್ನೆಲೆ ಚಿತ್ರವಾಗಿಯೇ ಬರೆದು, ಎದ್ದವನನ್ನು ಮಾತ್ರ ಚಲಿಸುವ ಚಿತ್ರ ಮಾಡುವುದು.

ಕುಣಿಗಲ್‌ನಲ್ಲಿ ಇದ್ದದ್ದು, ಜಪಾನಿನಲ್ಲಿ ಗೇಮ್ ಆದದ್ದು

ಹೈವೇ ಪಕ್ಕದ ಕುಣಿಗಲ್ ಸ್ಟಡ್ ಫಾರಂ ಯಾರಿಗೆ ಗೊತ್ತಿಲ್ಲ? ಟಿಪ್ಪು ಕಾಲದಲ್ಲಿ ಸೈನ್ಯಕ್ಕೆ ಕುದುರೆ ಸಾಕಿದ ಜಾಗ ಎಂದು ಹೇಳುತ್ತಾರೆ. ಬ್ರಿಟಿಷರ, ಮೈಸೂರು ಸಂಸ್ಥಾನದ ಕೈ ದಾಟಿ 1992ರಲ್ಲಿ ವಿಜಯ್ ಮಲ್ಯ ಅವರ ಯುಬಿ ಗುಂಪಿನ ಕಂಪನಿಗೆ ಲೀಸ್‌ಗೆ ಹೋಯಿತು. ರೇಸ್ ಕುದುರೆಗಳ ತಳಿ ಬೆಳೆಸುವ 400 ಎಕರೆಗೂ ಮಿಕ್ಕ ಈ ಜಾಗದಲ್ಲಿ ಟೌನ್‌ಶಿಪ್ ಮಾಡುವ ಸರ್ಕಾರದ ಪ್ರಸ್ತಾವ ಬಂದಾಗ ಊರಲ್ಲಿ ವಿರೋಧವೂ ಎದ್ದಿತು.

ಇದೇ ಕೆಲಸವನ್ನು ಜಪಾನಿನವರು 1991ರಲ್ಲೇ ಗೇಮ್ ಮಾಡಿದ್ದರು. ಹೆಸರು 'ಡರ್ಬಿ ಸ್ಟಾಲಿಯನ್'. ಬಂದದ್ದು ಫ್ಯಾಮಿಕಾಮ್‌ಗೆ, ಅಂದರೆ ನಮ್ಮೂರ ಟಿವಿ ಗೇಮ್‌ನ ಅಸಲಿ ಮೆಷಿನ್‌ಗೇ. ಇದರಲ್ಲಿ ಆಡುವವನು ಜಾಕಿ ಅಲ್ಲ, ಫಾರಂ ಮಾಲೀಕ. ಯಾವ ಹೆಣ್ಣು ಕುದುರೆಗೆ ಯಾವ ಗಂಡು ಕೂಡಿಸಬೇಕು, ಮರಿಯಲ್ಲಿ ತಾತನ ಓಟ ಬರುತ್ತಾ, ಎಷ್ಟು ತರಬೇತಿ ಕೊಟ್ಟರೆ ಕಾಲು ಹೋಗಲ್ಲ, ಯಾವ ರೇಸ್‌ಗೆ ಬಿಡಬೇಕು ಎಂಬುದೇ ಆಟ. ಜಪಾನ್ ಇದಕ್ಕೆ ಎಷ್ಟು ಬಿದ್ದಿತೆಂದರೆ ಸರಣಿ ನಿಲ್ಲಲೇ ಇಲ್ಲ, 2020ರಲ್ಲಿ ನಿಂಟೆಂಡೊ ಸ್ವಿಚ್‌ಗೂ ಬಂತು.

ಹಾಗಾದರೆ ಕುಣಿಗಲ್ ಫಾರಂ, ಬೆಂಗಳೂರು ಡರ್ಬಿ, ಮೈಸೂರು ರೇಸ್ ಕೋರ್ಸ್ ಇರುವ ಒಂದು ಗೇಮ್ ಬಂದರೆ? ಅಭಿಮಾನಿಗಳ ಪಟ್ಟಿಯಲ್ಲಿ ಇದಕ್ಕಿಂತ ನಮ್ಮದೆನ್ನುವಂಥದ್ದು ಇನ್ನೊಂದಿಲ್ಲ. ಕುದುರೆ ಎಂದ ಕೂಡಲೇ ಮನೆಯವರಿಗೆ ಜೂಜು ನೆನಪಾಗುತ್ತದೆ, ಅದು ಸಹಜ. ಆದರೆ ಡರ್ಬಿ ಸ್ಟಾಲಿಯನ್‌ನಲ್ಲಿ ಓಡಾಡುವುದು ಗೇಮ್ ಒಳಗಿನ ಲೆಕ್ಕದ ದುಡ್ಡು ಮಾತ್ರ, ಜೇಬಿನದ್ದಲ್ಲ. ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆನ್‌ಲೈನ್ ಆಟಗಳನ್ನು ಕೇಂದ್ರದ 2025ರ ಕಾಯ್ದೆ ನಿಷೇಧಿಸಿದೆ. ಇ-ಸ್ಪೋರ್ಟ್ಸ್‌ಗೆ ಅದೇ ಕಾಯ್ದೆ ಮಾನ್ಯತೆ ಕೊಟ್ಟಿದೆ. ಮಕ್ಕಳು 'ಗೇಮ್' ಅಂದಾಗ ಇವೆರಡರಲ್ಲಿ ಯಾವುದು ಅಂತ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು.

ಕನ್ನಡ ಕಾಮೆಂಟರಿಯ ಕಷ್ಟ

ಟಿವಿಯಲ್ಲಿ ಐಪಿಎಲ್, ಕಬಡ್ಡಿ ಎರಡಕ್ಕೂ ಕನ್ನಡ ಕಾಮೆಂಟರಿ ಇದೆ, ಗೇಮ್‌ನಲ್ಲಿ ಯಾಕಿಲ್ಲ ಎಂಬುದು ಇನ್ನೊಂದು ಪ್ರಶ್ನೆ. ಗೇಮ್ ಕಾಮೆಂಟರಿ ಎಂದರೆ ತುಂಡು ತುಂಡಾಗಿ ರೆಕಾರ್ಡ್ ಮಾಡಿ ಹೊಲಿಯುವ ಕೆಲಸ. ಇಂಗ್ಲಿಷ್‌ನಲ್ಲಿ ಆಟಗಾರನ ಹೆಸರನ್ನು ಒಂದು ಸಲ ಹೇಳಿಸಿಟ್ಟರೆ ಎಲ್ಲಿ ಬೇಕಾದರೂ ಅಂಟಿಸಬಹುದು. ಕನ್ನಡದಲ್ಲಿ ಹಾಗಾಗಲ್ಲ. ರಾಹುಲ್, ರಾಹುಲ್‌ಗೆ, ರಾಹುಲ್‌ರನ್ನು, ರಾಹುಲ್ ಅವರಿಂದ ಎಂದು ಒಂದೇ ಹೆಸರಿಗೆ ನಾಲ್ಕೈದು ರೂಪ ಬೇಕು. ಹೆಸರಿನ ಕೊನೆಯ ಅಕ್ಷರ ಬದಲಾದರೆ ಪ್ರತ್ಯಯವೂ ಬದಲು. ಇನ್ನೂರು ಆಟಗಾರರು ಅಂದರೆ ಸಾವಿರದ ಹತ್ತಿರ ರೆಕಾರ್ಡಿಂಗ್. ಆಗದ ಕೆಲಸವಲ್ಲ, ಆದರೆ ಕನ್ನಡ ಬಲ್ಲವರೇ ಕೂತು ಮಾಡಬೇಕು.

ಮಾಡುವವರು ಯಾರು

ದೊಡ್ಡ ಕಂಪನಿ ಬರುತ್ತೆ ಅಂತ ಕಾಯುವುದರಲ್ಲಿ ಅರ್ಥವಿಲ್ಲ. ಪಿಎಸ್ 5 ಭಾರತಕ್ಕೆ 2021ರ ಫೆಬ್ರವರಿಯಲ್ಲಿ ಬಂದಾಗ ಡಿಸ್ಕ್ ಮಾದರಿಯ ಬೆಲೆ 49,990 ರೂಪಾಯಿ. ಅದಕ್ಕೊಂದು ಖೋ ಖೋ ಗೇಮ್ ಮಾಡಿದರೆ ಎಷ್ಟು ಜನ ಕೊಳ್ಳುತ್ತಾರೆ ಎಂದು ಕಂಪನಿ ಕೇಳಿದರೆ ಉತ್ತರ ನಮಗೂ ಗೊತ್ತು. ಹಳೇ ಮೆಷಿನ್‌ಗಳ ಲೆಕ್ಕ ಬೇರೆ. ಗೇಮ್‌ಬಾಯ್‌ಗೆ ಆಟ ಮಾಡಲು 'ಜಿಬಿ ಸ್ಟುಡಿಯೋ' ಎಂಬ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ, ಕೋಡಿಂಗ್ ಹೆಚ್ಚು ಬೇಕಿಲ್ಲ. ಕಂಪ್ಯೂಟರ್, ಮೊಬೈಲ್‌ಗೆ ಮಾಡುವವರಿಗೆ 'ಗೋಡಾಟ್' ಇದೆ, ಅದೂ ಪುಕ್ಕಟೆ. ಮನೆಯಲ್ಲಿರುವ ಸಾಧಾರಣ ಲ್ಯಾಪ್‌ಟಾಪ್ ಸಾಕು. ಗುಬ್ಬಿ ವೀರಣ್ಣನವರ ಕಂಪನಿ ನಾಟಕದ ರಂಗಕ್ಕೆ ನಿಜವಾದ ಆನೆ, ಕುದುರೆ ಹತ್ತಿಸಿತ್ತು. ಆ ಊರಿನ ಹುಡುಗರಿಗೆ ಪರದೆ ಮೇಲೆ ಎಂಟು ಜನ ಕೂರಿಸುವುದು ದೊಡ್ಡ ವಿಷಯವಾಗಬಾರದು. ಒಂದು ಎಚ್ಚರ: ಬಿಸಿಸಿಐ ಲೋಗೊ, ಆರ್‌ಸಿಬಿ ಹೆಸರು, ಆಟಗಾರರ ಮುಖ ಬಳಸಿ ಮಾರಾಟಕ್ಕೆ ಇಟ್ಟರೆ ನೋಟಿಸ್ ಬರಬಹುದು. ಖೋ ಖೋ, ಕಬಡ್ಡಿ ಆಟಗಳಿಗೆ, ಊರಿನ ಹೆಸರಿನ ತಂಡಗಳಿಗೆ ಯಾರ ಲೈಸೆನ್ಸೂ ಬೇಡ.

ಅಂಗಡಿಯವರಿಗೆ ಸಂಬಂಧಪಟ್ಟ ಒಂದು ಮಾತು. ಈಗ ಟಿವಿಗೆ ಸಿಕ್ಕಿಸುವ 'ಗೇಮ್ ಸ್ಟಿಕ್' ಬಂದಿದೆ, ಡಬ್ಬದ ಮೇಲೆ ಹತ್ತು ಸಾವಿರ ಆಟ ಎಂದು ಬರೆದಿರುತ್ತದೆ. ಹಳದಿ ಕ್ಯಾಸೆಟ್‌ನ ಹಳೇ ವಿದ್ಯೆಯೇ ಇದು. ಒಳಗಿನ ಆಟಗಳಿಗೆ ಮೂಲ ಕಂಪನಿಯ ಅನುಮತಿ ಸಾಮಾನ್ಯವಾಗಿ ಇರುವುದಿಲ್ಲ, ಒಂದೇ ಆಟ ಹಲವು ಹೆಸರಲ್ಲಿ ಇರುತ್ತದೆ. ಗಿರಾಕಿ 'ಕ್ರಿಕೆಟ್ ಇದೆಯಾ' ಎಂದರೆ ಅಂಗಡಿಯ ಟಿವಿಗೇ ಹಾಕಿ ತೋರಿಸಿ ಕೊಡುವುದು ವಾಸಿ. ಇಲ್ಲದಿದ್ದರೆ ಸಂಜೆಯೊಳಗೆ ಸ್ಟಿಕ್ ವಾಪಸ್ ಕೌಂಟರ್ ಮೇಲಿರುತ್ತದೆ.