ಆಟದ ಲೆಕ್ಕ, ಕೆಲಸದ ಲೆಕ್ಕ



ಸಂಜೆ ಗಂಟೆ ಹೊಡೆದ ಮೇಲೆ ನಮ್ಮ ಶಾಲೆ ಬಯಲಿನಲ್ಲಿ ಒಂದು ಸಲ ನಿಂತು ನೋಡಿ. ಒಂದೇ ಸಮಯಕ್ಕೆ ಮೂರು ಕ್ರಿಕೆಟ್ ನಡೀತಿರುತ್ತೆ. ಆಡೋರೆಲ್ಲ ಗಂಡು ಹುಡುಗರು. ಆರು, ಏಳನೇ ತರಗತಿ ಹುಡುಗಿಯರು ಮೂಲೆಯಲ್ಲಿ ಖೋ ಖೋ ಆಡ್ತಾರೆ. ಒಂಬತ್ತನೇ ತರಗತಿಯ ನಾವು ಚೀಲ ಹಾಕ್ಕೊಂಡು ಮನೆ ದಾರಿ ಹಿಡೀತೀವಿ. "ಈ ಹುಡುಗೀರು ದೊಡ್ಡವರಾದಂತೆಲ್ಲ ಸೋಮಾರಿಗಳಾಗ್ತಾರೆ" ಎಂದು ನಮ್ಮಣ್ಣ ಊಟಕ್ಕೆ ಕೂತಾಗ ಅಂದ. ಅದು ನನಗೆ ಚುಚ್ಚಿತು. ಅದಕ್ಕೇ ಈ ಲೇಖನ.

ಒಂದು ಭಾನುವಾರ ಗಡಿಯಾರ ನೋಡಿ ಇಬ್ಬರ ದಿನವನ್ನೂ ಪುಸ್ತಕದಲ್ಲಿ ಬರೆದಿಟ್ಟೆ. ಅಣ್ಣ ಬೆಳಿಗ್ಗೆ ಎರಡು ಗಂಟೆ, ಸಂಜೆ ಒಂದು ಗಂಟೆ ಕ್ರಿಕೆಟ್ ಆಡಿದ. ನಡುವೆ ಊಟ, ಟಿ.ವಿ., ಮೊಬೈಲ್ ಎಂದು ಐದು ಗಂಟೆ ಕೂತಿದ್ದ, ಇಲ್ಲವೇ ಮಲಗಿದ್ದ. ನಾನು ನಲ್ಲಿಯಿಂದ ಹನ್ನೆರಡು ಬಿಂದಿಗೆ ನೀರು ಹೊತ್ತೆ, ಕೊಟ್ಟಿಗೆ ಬಾಚಿದೆ, ಬಟ್ಟೆ ಒಗೆದೆ, ಪಾತ್ರೆ ತೊಳೆದೆ, ಒಂದು ಮೊರ ಅವರೆಕಾಯಿ ಬಿಡಿಸಿದೆ. ಸುಳ್ಳು ಯಾಕೆ ಹೇಳಲಿ, ಎರಡು ಗಂಟೆ ಟಿ.ವಿ. ಮುಂದೆ ನಾನೂ ಕೂತಿದ್ದೆ. ಆಟ ಎಂಬ ಜಾಗದಲ್ಲಿ ಮಾತ್ರ ಸೊನ್ನೆ. (ಬೆಳಗಾಗೆದ್ದು ಹಾಲು ಹಾಕಿ, ಹಸು ಮೇಯಿಸಿ ಶಾಲೆಗೆ ಬರೋ ಹುಡುಗರೂ ನಮ್ಮಲ್ಲಿದ್ದಾರೆ. ಅವರಿಗೆ ಈ ಮಾತಲ್ಲ.)

ಹಾಗಾದರೆ ಮೈಗೆ ಚಟುವಟಿಕೆ ಆಗಿದ್ದು ಯಾರಿಗೆ? ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಹೀಗೆ: 5ರಿಂದ 17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷವಾದರೂ ಉಸಿರಾಟ ಜೋರಾಗುವಷ್ಟು ಮೈ ಆಡಿಸಬೇಕು. ವಾರಕ್ಕೆ ಮೂರು ದಿನವಾದರೂ ಓಟ, ನೆಗೆತದಂಥ ಬಿರುಸಿನ ಚಟುವಟಿಕೆ ಇರಬೇಕು. ಅದು ಆಟವೇ ಆಗಬೇಕೆಂದಿಲ್ಲ. ನಡಿಗೆ, ಸೈಕಲ್, ಮನೆಗೆಲಸ ಕೂಡ ಲೆಕ್ಕಕ್ಕೆ ಬರುತ್ತೆ. ಅಂದರೆ ನೀರು ಹೊತ್ತಿದ್ದು, ಕೊಟ್ಟಿಗೆ ಬಾಚಿದ್ದು ಲೆಕ್ಕಕ್ಕುಂಟು. ಪಾತ್ರೆ, ಅವರೆಕಾಯಿ ಲೆಕ್ಕಕ್ಕಿಲ್ಲ! ಸೊಂಟ ಬಿದ್ದುಹೋಗುತ್ತೆ, ಆದರೆ ಉಸಿರು ಏರಲ್ಲ. ಕೂತು ಮಾಡೋ ಕೆಲಸದಲ್ಲಿ ಸುಸ್ತು ಬರುತ್ತೆ, ಶಕ್ತಿ ಬರಲ್ಲ.

2019ರಲ್ಲಿ ಆ ಸಂಸ್ಥೆಯವರು 146 ದೇಶಗಳ ಸುಮಾರು 16 ಲಕ್ಷ ವಿದ್ಯಾರ್ಥಿಗಳ ಲೆಕ್ಕ ಪ್ರಕಟಿಸಿದರು. 11ರಿಂದ 17 ವರ್ಷದ ಹುಡುಗರಲ್ಲಿ 100ಕ್ಕೆ 78 ಮಂದಿಗೆ, ಹುಡುಗಿಯರಲ್ಲಿ 85 ಮಂದಿಗೆ ಸಾಕಷ್ಟು ಚಟುವಟಿಕೆ ಇರಲಿಲ್ಲ. ನಮ್ಮ ದೇಶದ ಹುಡುಗರು ಸ್ವಲ್ಪ ವಾಸಿ, 72. ಅದಕ್ಕೆ ಕ್ರಿಕೆಟ್ ಕಾರಣವಿರಬಹುದು ಅಂದರು. ನಮ್ಮ ಹುಡುಗಿಯರೂ ಬೇರೆ ದೇಶದವರಿಗಿಂತ ವಾಸಿಯಂತೆ. ಅದಕ್ಕೆ ಕಾರಣ ಮನೆಗೆಲಸ ಇರಬಹುದಂತೆ! ಓದಿ ನಗಬೇಕೋ ಅಳಬೇಕೋ ತಿಳೀಲಿಲ್ಲ. ಅದೇ 2019ರಲ್ಲಿ ಕೇಂದ್ರ ಸರ್ಕಾರ ಜನರ ಹೊತ್ತು ಹೇಗೆ ಕಳೆಯುತ್ತೆ ಅಂತ ಸಮೀಕ್ಷೆ ಮಾಡಿಸಿತು. ಸಂಬಳವಿಲ್ಲದ ಮನೆಗೆಲಸಕ್ಕೆ, ಅದನ್ನು ಮಾಡುವ ಹೆಂಗಸರು ದಿನಕ್ಕೆ 299 ನಿಮಿಷ, ಗಂಡಸರು 97 ನಿಮಿಷ ಕೊಡುತ್ತಿದ್ದರು.

ಪೇಟೆಯವರ ಕಥೆ ಬೇರೆ. ಯಲಹಂಕ ಉಪನಗರದಲ್ಲಿರುವ ನಮ್ಮ ಚಿಕ್ಕಮ್ಮನ ಮಗಳು ಶಾಲೆಗೆ ವ್ಯಾನಿನಲ್ಲಿ ಹೋಗ್ತಾಳೆ, ಬಂದು ಟ್ಯೂಷನ್ನಿಗೆ ಕೂರ್ತಾಳೆ. ಕತ್ತಲಾಗುತ್ತೆ ಅಂತ ಪಾರ್ಕಿಗೆ ಕಳಿಸಲ್ಲ, ಅವಳ ತಮ್ಮನನ್ನು ಮಾತ್ರ ಕಳಿಸ್ತಾರೆ. ಅವಳಿಗೆ ಕೊಟ್ಟಿಗೆಯೂ ಇಲ್ಲ, ಬಯಲೂ ಇಲ್ಲ.

ಅಜ್ಜಿಯನ್ನು ಕೇಳಿದೆ. ಅವರ ಕಾಲದಲ್ಲಿ ಗಂಡು ಹುಡುಗರಿಗೆ ಚಿನ್ನಿದಾಂಡು, ಮರಕೋತಿ. ಹೆಣ್ಣುಮಕ್ಕಳಿಗೆ ಕುಂಟೆಬಿಲ್ಲೆ, ಚೌಕಾಬಾರ, ಅಳಗುಳಿಮನೆ. ನನಗೊಂದು ಹೊಳೆಯಿತು. ನಮ್ಮ ಆಟಗಳೆಲ್ಲ ಅಂಗಳದೊಳಗೇ ಮುಗಿಯುವಂಥವು, ಅಮ್ಮ ಕೂಗಿದ ತಕ್ಷಣ ಬಿಟ್ಟು ಏಳುವಂಥವು. ಕುಂಟೆಬಿಲ್ಲೆಯಲ್ಲಾದರೂ ನೆಗೆತ ಇತ್ತು. "ದೊಡ್ಡವಳಾದ ಮೇಲೆ ಅದೂ ನಿಂತಿತು ಕಣೇ" ಅಂದರು ಅಜ್ಜಿ. ನಾನೂ ಖೋ ಖೋ ಬಿಟ್ಟಿದ್ದು ಆವಾಗಲೇ. ಯಾರೂ ಬೈಯಲಿಲ್ಲ, ಸುಮ್ಮನೆ ಎಲ್ಲರೂ ನೋಡುವ ರೀತಿ ಬದಲಾಯಿತು.

ಮೈ ಮಾತ್ರ ಇದಕ್ಕೆ ತಿರುಗಾ ಕೇಳುತ್ತೆ. ಮೂಳೆ ಗಟ್ಟಿಯಾಗುವುದು ಹೆಚ್ಚಾಗಿ ಈ ವಯಸ್ಸಿನಲ್ಲೇ. ಓಡಿ, ನೆಗೆದು ಭಾರ ಬಿದ್ದರೆ ಅದು ಬಲಿಯುತ್ತೆ. ಓಡಿದರೆ ಬೇಗ ಸುಸ್ತು ಅನ್ನೋರು ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ 15ರಿಂದ 19 ವರ್ಷದ ಹುಡುಗಿಯರಲ್ಲಿ 100ಕ್ಕೆ 59 ಮಂದಿಗೆ ರಕ್ತಹೀನತೆ, ಹುಡುಗರಲ್ಲಿ 31. ಇದನ್ನೇ ಎಷ್ಟೋ ಸಲ ಸೋಮಾರಿತನ ಅಂದುಬಿಡ್ತಾರೆ.

ಭಾರತದ ಮಹಿಳೆಯರು ಮೊಟ್ಟಮೊದಲ ಟೆಸ್ಟ್ ಕ್ರಿಕೆಟ್ ಆಡಿದ್ದು 1976ರಲ್ಲಿ, ನಮ್ಮ ಬೆಂಗಳೂರಿನಲ್ಲೇ, ವೆಸ್ಟ್ ಇಂಡೀಸ್ ಮೇಲೆ. ನಾಯಕಿ ಶಾಂತಾ ರಂಗಸ್ವಾಮಿ. ನಮ್ಮ ಬಯಲಿನಲ್ಲಿ ಮಾತ್ರ ಹುಡುಗಿ ಬ್ಯಾಟ್ ಹಿಡಿದರೆ ಈಗಲೂ ಕಿಸಕ್ಕನೆ ನಗ್ತಾರೆ.

ಪಿ.ಟಿ. ಮೇಷ್ಟ್ರಲ್ಲಿ ವಿನಂತಿ: ಮಂಗಳವಾರ, ಶುಕ್ರವಾರ ಸಂಜೆ ಅರ್ಧ ಬಯಲು ದೊಡ್ಡ ಹುಡುಗಿಯರಿಗೆ ಬಿಡಿಸಿಕೊಡಿ. ನಾವು ಏಳು ಜನ ಹೆಸರು ಕೊಟ್ಟಿದ್ದೀವಿ, ಖೋ ಖೋ ತಂಡಕ್ಕೆ ಇನ್ನಿಬ್ಬರು ಬೇಕು. ಆ ಎರಡು ದಿನ ನೀರು ಹೊರ್ತೀನಿ ಅಂತ ಅಣ್ಣ ಒಪ್ಪಿದ್ದಾನೆ. ಹೋದ ಶುಕ್ರವಾರ ಎಂಟನೇ ಬಿಂದಿಗೆಗೆ ಸುಸ್ತಾಗಿ ಜಗಲಿ ಮೇಲೆ ಕೂತುಬಿಟ್ಟ.

— 9ನೇ ತರಗತಿಯ ಒಬ್ಬ ವಿದ್ಯಾರ್ಥಿನಿ