ನಿಮಗಿದು ಗೊತ್ತೆ? ನಮ್ಮ ಶೇಂಗಾಕ್ಕೆ ಬೊಲಿವಿಯಾದ ಬೀಗತನ!

● ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಮಸಾರಿ ಹೊಲಗಳಲ್ಲಿ ಬೆಳೆಯುವ ಶೇಂಗಾ ದಕ್ಷಿಣ ಅಮೆರಿಕದ ಎರಡು ಕಾಡುಜಾತಿಗಳ ಕೂಡಿಕೆಯಿಂದ ಹುಟ್ಟಿದ್ದು. ಒಂದೊಂದರಿಂದ 20ರಂತೆ ಅದಕ್ಕೆ 40 ವರ್ಣತಂತುಗಳು. ಆ ಕಾಡುಜಾತಿಗಳ ವಂಶವಾಹಿ ನಕ್ಷೆ 2016ರಲ್ಲಿ, ಕೃಷಿ ಶೇಂಗಾದ್ದು 2019ರಲ್ಲಿ ಪ್ರಕಟವಾಯಿತು.

● ತುಕ್ಕು, ಎಲೆಚುಕ್ಕೆ ರೋಗ ತಡೆಯುವ ಜಿಪಿಬಿಡಿ-4 ಧಾರವಾಡ ಕೃಷಿ ವಿಶ್ವವಿದ್ಯಾಲಯದ ತಳಿ. ಈ ಶಕ್ತಿ ಬಂದದ್ದು ‘ಅರಾಕಿಸ್ ಕಾರ್ಡೆನಾಸಿ’ ಎಂಬ ಬೊಲಿವಿಯಾದ ಕಾಡು ಶೇಂಗಾದಿಂದ. ಹೈದರಾಬಾದ್ ಬಳಿಯ ಇಕ್ರಿಸ್ಯಾಟ್ ಕೃಷಿ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಜಿಪಿಬಿಡಿ-4 ಬಳಸಿಯೇ ತುಕ್ಕು ನಿರೋಧಕ ಗುಣವನ್ನು ಜೆಎಲ್-24, ಟಿಎಜಿ-24 ತಳಿಗಳಿಗೆ ದಾಟಿಸಿದರು.

● ಹೂ ಬಿಟ್ಟ ಶೇಂಗಾ ಗಿಡವೊಂದನ್ನು ಕಿತ್ತು, ಬೇರಿನ ಸಣ್ಣ ಗಂಟನ್ನು ಉಗುರಿನಿಂದ ಸೀಳಿ ನೋಡಿ. ಒಳಗೆ ಗುಲಾಬಿ ಬಣ್ಣವಿದ್ದರೆ ರೈಜೋಬಿಯಂ ಗುಂಪಿನ ಸೂಕ್ಷ್ಮಾಣುಗಳು ಗಾಳಿಯ ಸಾರಜನಕವನ್ನು ಗೊಬ್ಬರವಾಗಿಸುತ್ತಿವೆ ಎಂದರ್ಥ. ಆ ಬಣ್ಣ ನಮ್ಮ ರಕ್ತದ ಹಿಮೋಗ್ಲೋಬಿನ್‌ನ ಬಂಧುವಾದ ಲೆಗ್‌ಹಿಮೋಗ್ಲೋಬಿನ್‌ನದು. ಗಂಟು ಹಸಿರು ಇಲ್ಲವೇ ಬೂದು ಬಣ್ಣಕ್ಕೆ ತಿರುಗಿದ್ದರೆ ಕೆಲಸ ನಿಂತಿದೆ.

● ಗದಗ ಸೀಮೆಯ ಎರೆ ಹೊಲಗಳಲ್ಲಿ ಬೆಳೆಯುವ ಹೆಸರು, ಕಡಲೆಯ ಬೇರಿನಲ್ಲೂ ಇಂಥ ಗಂಟುಗಳಿವೆ. ಕೊಯ್ಯುವಾಗ ಆ ಬೇರನ್ನು ಮಣ್ಣಲ್ಲೇ ಬಿಡಿ; ಹೊಟ್ಟು ಸುಡಬೇಡಿ, ತಿಪ್ಪೆಗೆ ಹಾಕಿ. ಮುಂದಿನ ಬೆಳೆಗೆ ಅದೇ ಬುತ್ತಿ.