ಬುದ್ಧಿ ಕೆಟ್ಟವನಿಗೆ ಗಲ್ಲು?

ದೇವರಾಯಸಮುದ್ರದ ಹೈವೇ ಬದಿಯ ಟೀ ಅಂಗಡಿಯಲ್ಲಿ ಕೊಲೆ ಸುದ್ದಿ ಬಂದರೆ ಮೊದಲು ಕೇಳೋ ಮಾತು: "ಗಲ್ಲಿಗೆ ಹಾಕ್ಬೇಕು ಅವ್ನನ್ನ!" ಆ ಸಿಟ್ಟು ನ್ಯಾಯವಾದದ್ದೇ. ಆದರೆ ಕೊಂದವನಿಗೆ ತಾನೇನು ಮಾಡ್ತಿದ್ದೀನಿ ಅನ್ನೋದೇ ಗೊತ್ತಿರಲಿಲ್ಲ ಅಂದ್ರೆ?

ಕೃತ್ಯದ ಹೊತ್ತಲ್ಲಿ ಬುದ್ಧಿ ಕೆಟ್ಟು ಹಾಗಿದ್ದರೆ ಅದು ಅಪರಾಧವೇ ಅಲ್ಲ. ಹಳೇ ಐಪಿಸಿಯ 84ನೇ ಸೆಕ್ಷನ್, ಈಗ ಭಾರತೀಯ ನ್ಯಾಯ ಸಂಹಿತೆಯ 22. ಆಮೇಲೆ ಜೈಲಲ್ಲಿ ಬುದ್ಧಿ ಕೆಟ್ಟರೆ? 2014ರ ಜನವರಿ 21ರಂದು, ಶತ್ರುಘ್ನ ಚೌಹಾಣ್ ಪ್ರಕರಣದಲ್ಲಿ, ಸ್ಕಿಜೋಫ್ರೇನಿಯಾ ಅನ್ನೋ ಮಾನಸಿಕ ಕಾಯಿಲೆ ಇದ್ದ ಕೈದಿಯೊಬ್ಬನ ಗಲ್ಲನ್ನ ಸುಪ್ರೀಂ ಕೋರ್ಟ್ ಜೀವಾವಧಿಗೆ ಇಳಿಸಿತು.

ನಮ್ಮ ರಾಜ್ಯದ್ದೇ ಕೇಸು ನೋಡಿ. 1998ರಲ್ಲಿ ಬೆಂಗಳೂರಲ್ಲಿ ಒಬ್ಬ ಹೆಣ್ಣುಮಗಳ ಅತ್ಯಾಚಾರ, ಕೊಲೆ. ಘೋರ ಕೃತ್ಯ, ಅದರಲ್ಲಿ ಎರಡು ಮಾತಿಲ್ಲ. ಅಪರಾಧಿ ಬಿ.ಎ. ಉಮೇಶನಿಗೆ 2006ರಲ್ಲಿ ಗಲ್ಲು. ಬೆಳಗಾವಿ ಹಿಂಡಲಗಾ ಜೈಲಲ್ಲಿ ಅವನನ್ನ ಹತ್ತು ವರ್ಷ ಒಂಟಿಯಾಗಿ ಕೂಡಿಟ್ಟರು. ಕ್ಷಮಾದಾನದ ಅರ್ಜಿ ಇತ್ಯರ್ಥವಾಗೋ ಮುಂಚೆ ಹಾಗೆ ಇಡೋ ಹಾಗೇ ಇಲ್ಲ. ಒಂಟಿತನ ಅವನ ಆರೋಗ್ಯ ಕೆಡಿಸಿದೆ ಅಂತ ಒಪ್ಪಿ, 2022ರ ನವೆಂಬರ್ 4ರಂದು ಸುಪ್ರೀಂ ಕೋರ್ಟ್ ಗಲ್ಲು ತೆಗೆದು, ಕನಿಷ್ಠ 30 ವರ್ಷ ಜೈಲು ಅಂತು. ಇದು ಸರಿ ಅಂತಲೇ ನನ್ನ ಅಭಿಪ್ರಾಯ. ಶಿಕ್ಷೆ ಕೊಡಲಿ, ಆದರೆ ಸರ್ಕಾರವೇ ಮನುಷ್ಯನ ಬುದ್ಧಿ ಕೆಡಿಸಿ ಆಮೇಲೆ ನೇಣಿಗೆ ಏರಿಸಬಾರದು.

ಆದರೆ ಕೃತ್ಯದ ಹೊತ್ತಲ್ಲಿ ಕಾಯಿಲೆ ಇತ್ತು ಅಂತ ಕೋರ್ಟಿಗೆ ತೋರಿಸೋ ಹೊಣೆ ಆರೋಪಿಯದ್ದೇ. ದೇವಸ್ಥಾನ, ತಾಯಿತ ಅಂತ ಸುತ್ತಿದ ಮನೆಯವರ ಹತ್ರ ದಾಖಲೆ ಇರಲ್ಲ. ಮನೇಲಿ ಯಾರಿಗಾದ್ರೂ ಮಾನಸಿಕ ಕಾಯಿಲೆ ಇದ್ದರೆ ಕೋಲಾರದ ಜಿಲ್ಲಾಸ್ಪತ್ರೆಗೆ ಕರ್ಕೊಂಡು ಹೋಗಿ, ಓಪಿ ಚೀಟಿ, ಮಾತ್ರೆ ಚೀಟಿ ಜೋಪಾನವಾಗಿ ಇಟ್ಟುಕೊಳ್ಳಿ. ವಕೀಲರಿಗೆ ದುಡ್ಡಿಲ್ಲ ಅಂದ್ರೆ ಉಚಿತ ಕಾನೂನು ನೆರವಿಗೆ 15100ಕ್ಕೆ ಕರೆ ಮಾಡಿ.